ಸುಣ್ಣದಣ್ಣ ಮುಚ್ಚಿದ ಬೋರ್ಡು

ಕೆಳಗಿನ ಬೀದಿಯಲ್ಲಿ ಆ ವರ್ಷ ಮೂರನೇ ಮನೆ ಖಾಲಿಯಾಯಿತು. ಈ ಸಲ ಹೊರಟವರು ಲೆಕ್ಕದ ಮೇಷ್ಟ್ರು. ಮಂಚ, ಬೀರು, ಪುಸ್ತಕದ ಗಂಟು ಎಲ್ಲ ಗಾಡಿ ಹತ್ತುತ್ತಿರುವಾಗಲೇ ಪೇಂಟರ್ ಏಣಿ ಹೊತ್ತು ಬಂದ.

ಪೇಂಟರನ್ನು ಊರೆಲ್ಲ ಕರೆಯುವುದು ಸುಣ್ಣದಣ್ಣ ಅಂತ. ಮೀಸೆ ಮೂಡುವ ಮೊದಲೇ ಸುಣ್ಣ ಬಳಿಯೋ ಕೆಲಸಕ್ಕೆ ಸೇರಿದವನು. ಈಗ ಡಿಸ್ಟೆಂಪರು, ಪ್ರೈಮರು, ರೋಲರು ಎಲ್ಲ ಬಂದಿವೆ, ಹೆಸರಿಗೆ ಅಂಟಿದ ಸುಣ್ಣ ಮಾತ್ರ ಹೋಗಿಲ್ಲ. ಕೆಲಸದಲ್ಲಿ ಎತ್ತಿದ ಕೈ. ಮಾತಿನಲ್ಲಂತೂ ಅವನನ್ನು ಸೋಲಿಸುವವರಿಲ್ಲ.

ಆ ಬೀದಿಯ ಹನ್ನೊಂದು ಮನೆಗಳೂ ಒಬ್ಬರೇ ಸಾಹುಕಾರರವು. ಎಲ್ಲಕ್ಕೂ ಬಣ್ಣ ಹೊಡೆಯುವವನು ಸುಣ್ಣದಣ್ಣನೇ. ಹಾಗಾಗಿ ಆ ಗೋಡೆಗಳ ಗುಟ್ಟು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬೇರೆ ಕಡೆಯಾದರೆ ಗೋಡೆಗೆ ಒಂದು ಸಲ ಪೊರಕೆ ಆಡಿಸಿದರೆ ಮುಗೀತು. ಇಲ್ಲಿ ಸೋಪಿನ ನೀರಲ್ಲಿ ಎರಡು ಸಲ ತೊಳೆಯಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯಲ್ಲ. ಕಿಟಕಿ ಮೇಲೆ, ಫ್ಯಾನಿನ ರೆಕ್ಕೆ ಮೇಲೆ, ಬಾಗಿಲ ಹಿಂದೆ ಜಿಡ್ಡು ಜಿಡ್ಡಾದ ಮಸಿ. ಒರೆಸಿದ ಬಟ್ಟೆ ಹಿಂಡಿದರೆ ಕರೀ ನೀರು.

ಮಸಿ ಎಲ್ಲಿಂದ ಬರುತ್ತೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಬೀದಿಯ ಹಿಂದೆ ಮೋರಿ. ಮೋರಿಯಾಚೆ ಟೈರಿನ ಭಟ್ಟಿ. ಹಳೇ ಟೈರುಗಳನ್ನು ಕಾಯಿಸಿ ಎಣ್ಣೆ ತೆಗೆಯುತ್ತಾರೆ. ಪಕ್ಕದಲ್ಲೇ ಲಾರಿಗಳು ನಿಲ್ಲುವ ಬಯಲು. ಬೆಳಗಾದರೆ ಇಪ್ಪತ್ತು ಮೂವತ್ತು ಲಾರಿಗಳು ಇಂಜಿನ್ ಆನ್ ಮಾಡಿಕೊಂಡು ಗುರುಗುಟ್ಟುತ್ತಾ ನಿಂತಿರುತ್ತವೆ.

"ಯಾಕೆ ಮೇಷ್ಟ್ರೇ, ಇಷ್ಟು ಗಾಳಿ ಬೆಳಕು ಇರೋ ಮನೆ ಬಿಟ್ಟು ಮೇಲಿನ ಬಡಾವಣೆಯ ಗೂಡಿಗೆ ಹೋಗ್ತೀರ?" ಸುಣ್ಣದಣ್ಣ ಕೇಳಿದ.

"ಬೆಳಕಿನ ತಂಟೆ ಏನಿಲ್ಲ. ಗಾಳಿಗೆ ಹೆದರಿಯೇ ಹೋಗ್ತಿರೋದು," ಅಂದರು ಮೇಷ್ಟ್ರು. "ಆರೋಗ್ಯ ಕೇಂದ್ರದ ಗೋಡೆ ನೋಡಲ್ವಾ ನೀನು?"

"ಸಿಸ್ಟರು ದಿನಾ ಬರೀತಾರಲ್ಲ, ಆ ನಂಬರಾ?"

ಹೌದು, ಅದೇ ನಂಬರು. ಬೀದಿಯ ತುದಿಯಲ್ಲಿ ಆರೋಗ್ಯ ಕೇಂದ್ರ. ಅದರ ತಾರಸಿ ಮೇಲೆ ಸರ್ಕಾರದವರು ಗಾಳಿ ಅಳೆಯೋ ಪುಟ್ಟ ಪೆಟ್ಟಿಗೆ ಕೂರಿಸಿದ್ದರು. ಗಾಳಿಯಲ್ಲಿ ಹೊಗೆ, ಕಣ್ಣಿಗೆ ಕಾಣದ ಸಣ್ಣ ದೂಳು ಎಷ್ಟಿದೆ ಅಂತ ಅದು ಅಂಕಿಯಲ್ಲಿ ಹೇಳುತ್ತಿತ್ತು. ಬೀದಿ ಕಡೆ ಗೋಡೆಗೆ ಕಪ್ಪು ಬಳಿದು ಬೋರ್ಡು ಮಾಡಿದ್ದರು. ಸಿಸ್ಟರು ದಿನಾ ಬೆಳಿಗ್ಗೆ ಅದರ ಮೇಲೆ ಅಂಕಿ ಬರೆದು ಪಕ್ಕದಲ್ಲಿ ಬಣ್ಣದ ಸೀಮೆಸುಣ್ಣದಿಂದ ದುಂಡಗೆ ಗುರುತು ಹಾಕುತ್ತಿದ್ದರು. ಹಸಿರಾದರೆ ಚಿಂತೆಯಿಲ್ಲ. ಹಳದಿಯಾದರೆ ಉಬ್ಬಸ ಇರೋರು ಹುಷಾರಾಗಿರಬೇಕು. ಕೆಂಪಾದರೆ ಎಲ್ಲರಿಗೂ ಕೆಡುಕು.

"ನಲವತ್ತು ದಿನ ಬರೆದಿಟ್ಕೊಂಡೆ," ಅಂದರು ಮೇಷ್ಟ್ರು. "ಮೂವತ್ತೊಂದು ದಿನ ಕೆಂಪು. ಮೇಲಿನ ಬಡಾವಣೆ ಶಾಲೆ ಹತ್ರಾನೂ ಇಂಥದ್ದೇ ಬೋರ್ಡಿದೆ. ಅಲ್ಲಿ ಕೆಂಪು ಬಂದಿದ್ದು ನಾಲ್ಕೇ ದಿನ. ಇಲ್ಲಿಂದ ಅಲ್ಲಿಗೆ ನಡೆದರೆ ಅರ್ಧ ಗಂಟೆ ದಾರಿ, ಅಷ್ಟೇ."

ಸುಣ್ಣದಣ್ಣ ಗಹಗಹಿಸಿ ನಕ್ಕ. "ಗಾಳಿಗೂ ಮಾರ್ಕ್ಸ್ ಹಾಕೋಕೆ ಶುರು ಮಾಡಿದ್ರಾ? ನಿಮಗೆ ಎಲ್ಲಿ ನೋಡಿದ್ರೂ ಪಾಸು ಫೇಲೇ ಕಾಣುತ್ತೆ!"

ಮೇಷ್ಟ್ರು ನಗಲಿಲ್ಲ. "ನನಗೆ ಓದೋಕೆ ಬಂತು, ಹೋಗ್ತಿದ್ದೀನಿ. ಮುಂದೆ ಈ ಮನೆಗೆ ಬರೋರಿಗೆ ಒಂದು ಮಾತು ಹೇಳಿಬಿಡಪ್ಪ," ಅಂದು ಗಾಡಿ ಹತ್ತಿದರು.

ಸುಣ್ಣದಣ್ಣ ಆಗಲಿ ಅಂತ ತಲೆಯಾಡಿಸಿದ. ಆಮೇಲೆ ಆ ಮಾತನ್ನು ಮಸಿಯ ಜೊತೆಗೇ ತೊಳೆದು ಮೋರಿಗೆ ಚೆಲ್ಲಿದ.

ಒಂದು ತಿಂಗಳಾದರೂ ಮೂರು ಮನೆಗಳಿಗೂ ಯಾರೂ ಬರಲಿಲ್ಲ. ಬಂದವರು ಬೋರ್ಡು ನೋಡುವರು, ಪಕ್ಕದವರನ್ನು ಕೇಳುವರು, "ಯೋಚಿಸಿ ಹೇಳ್ತೀವಿ" ಅನ್ನುವರು. ಸಾಹುಕಾರರಿಗೆ ತಲೆ ಬಿಸಿಯಾಯಿತು. ಸುಣ್ಣದಣ್ಣನನ್ನು ಕರೆಸಿದರು.

"ಅಲ್ಲಪ್ಪಾ, ನಾನು ಕೊಲೆ ಮಾಡಿದ್ದೀನಾ, ದರೋಡೆ ಮಾಡಿದ್ದೀನಾ? ನನ್ನ ಮನೆ ಮುಂದೇನೇ ದಿನಾ ಕೆಂಪು ಗುರುತು! ಆರೋಗ್ಯ ಕೇಂದ್ರ ಇರೋದೂ ನನ್ನ ಕಟ್ಟಡದಲ್ಲೇ. ಗೋಡೆ ನಂದು. ಚೆನ್ನಾಗಿ ಬಣ್ಣ ಹೊಡೆದು ಒಂದು ಚಿತ್ರ ಬರಿ. ಬಂದವರಿಗೆ ಮನಸ್ಸಿಗೆ ಖುಷಿ ಆಗಬೇಕು."

"ಸಿಸ್ಟರು ಏನಾದ್ರೂ ಅಂದ್ರೆ?"

"ಅವರು ತರಬೇತಿಗೆ ಹೋಗಿದ್ದಾರೆ. ಮೂರು ವಾರ ಬರಲ್ಲ."

ಸುಣ್ಣದಣ್ಣ ಎರಡು ದಿನ ಕೂತು ಬೋರ್ಡು ಮುಚ್ಚಿದ. ಕಪ್ಪಿನ ಮೇಲೆ ಪ್ರೈಮರು, ಅದರ ಮೇಲೆ ನೀಲಿ ಆಕಾಶ, ಹಸಿರು ಗುಡ್ಡ, ಹುಟ್ಟೋ ಸೂರ್ಯ, ಎರಡು ಹಕ್ಕಿ. ಕೆಳಗೆ ದಪ್ಪ ಅಕ್ಷರದಲ್ಲಿ: "ಹೊಸ ಬೆಳಗು, ಹೊಸ ಬದುಕು." ಬರೆದು ಮುಗಿಸಿ ದೂರ ನಿಂತು ನೋಡಿದ. ತನ್ನ ಕೈಕೆಲಸ ತನಗೇ ಮೆಚ್ಚುಗೆಯಾಯಿತು.

ಸಿಸ್ಟರು ವಾಪಸು ಬಂದವರೇ ಗೋಡೆ ಮುಂದೆ ನಿಂತುಬಿಟ್ಟರು. ಎದುರು ಮನೆಯ ಗೇಟಿಗೆ ಬಣ್ಣ ಹಚ್ಚುತ್ತಿದ್ದ ಸುಣ್ಣದಣ್ಣನನ್ನು ಕರೆದರು.

"ಅಣ್ಣ, ಇದು ಯಾರ ಕೆಲಸ?"

"ನಂದೇ ಸಿಸ್ಟರ್. ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದೇ ತೊಂದರೆ."

"ಗೋಡೆ ಸಾಹುಕಾರರದ್ದು. ಅವರು ಹೇಳಿದ್ರು, ನಾನು ಹೊಡೆದೆ."

"ಗೋಡೆ ಅವರದ್ದಿರಬಹುದು. ಅದರ ಮೇಲಿದ್ದ ನಂಬರು ಊರಿಂದು."

"ನಂಬರು ಬರೆದ್ರೆ ಹೊಗೆ ಕಡಿಮೆ ಆಗುತ್ತಾ ಹೇಳಿ?"

"ಇಲ್ಲ. ಆದ್ರೆ ಮನೆ ಮಾಡೋನಿಗೆ ತಾನು ಎಂಥ ಕಡೆ ಕಾಲಿಡ್ತಿದ್ದೀನಿ ಅಂತ ತಿಳಿಯುತ್ತೆ. ಈ ಸಣ್ಣ ದೂಳು ಮೂಗಲ್ಲಿ ನಿಲ್ಲಲ್ಲ ಅಣ್ಣ, ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. ಚಿಕ್ಕ ಮಕ್ಕಳು, ವಯಸ್ಸಾದೋರು, ಬಸುರಿಯರು, ಉಬ್ಬಸ ಇರೋರು... ಇವರಿಗೆಲ್ಲ ಬೇಗ ತಟ್ಟುತ್ತೆ."

"ನಾನು ನಲವತ್ತು ವರ್ಷದಿಂದ ದೂಳು, ಬಣ್ಣದ ವಾಸನೆ ಎಲ್ಲ ಕುಡ್ಕೊಂಡೇ ಬಂದೋನು. ನನಗೇನಾಗಿದೆ?"

"ಬೆಳಿಗ್ಗೆ ಎದ್ದು ಎಷ್ಟು ಹೊತ್ತು ಕೆಮ್ಮುತ್ತೀರ?"

"ಅದು ಬೀಡಿ ಕೆಮ್ಮು!" ಅಂದು ಸುಣ್ಣದಣ್ಣ ಬ್ರಷ್ಷು ಎತ್ತಿಕೊಂಡ. ಆ ಮಾತು ಅಲ್ಲಿಗೇ ನಿಂತಿತು.

ಸಿಸ್ಟರು ಮೇಲಿನ ಕಚೇರಿಗೆ ದೂರು ಬರೆದರು. ಉತ್ತರ ಬರಲಿಲ್ಲ. ಸುಮ್ಮನಿರಲಾರದೆ ಒಂದು ಸ್ಲೇಟು ತಂದು ಕೇಂದ್ರದ ಒಳಗೆ, ತೂಕದ ಯಂತ್ರದ ಪಕ್ಕ ನೇತುಹಾಕಿದರು. ದಿನದ ನಂಬರನ್ನು ಅದರಲ್ಲಿ ಬರೆಯತೊಡಗಿದರು. ಕಾಯಿಲೆ ಬಿದ್ದು ಬಂದವರಿಗೆ ಅದು ಕಾಣುತ್ತಿತ್ತು. ಮನೆ ನೋಡಲು ಬಂದವರಿಗೆ ಕಾಣುತ್ತಿರಲಿಲ್ಲ. ಎರಡು ತಿಂಗಳಲ್ಲಿ ಖಾಲಿ ಮನೆಗಳಲ್ಲಿ ಎರಡು ತುಂಬಿದವು.

ಮೂರನೆಯದಕ್ಕೆ ಬಂದವಳು ಸುಣ್ಣದಣ್ಣನ ಮಗಳು.

ಇದ್ದವಳು ಒಬ್ಬಳೇ ಮಗಳು. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದಳು. ಆರನೇ ವಯಸ್ಸಿನಿಂದ ಉಬ್ಬಸ. ಚೀಲದಲ್ಲಿ ಔಷಧಿಯ ಪಂಪು ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಅಳಿಯ ಲಾರಿಗಳ ವೈರಿಂಗ್ ಕೆಲಸದವನು, ದಿನವಿಡೀ ಆ ಬಯಲಿನಲ್ಲೇ ಇರುವವನು. ಮದುವೆಯಾದ ಹೊಸದರಲ್ಲಿ ಮನೆ ಹುಡುಕುತ್ತಿದ್ದಾಗ ಸಾಹುಕಾರರೇ ಸುಣ್ಣದಣ್ಣನಿಗೆ ಅಂದರು: "ನಿನ್ನ ಮಗಳು ಅಂದ್ರೆ ನಮ್ಮ ಮಗಳು ಇದ್ದ ಹಾಗೆ. ಮೇಷ್ಟ್ರಿದ್ದ ಮನೆ ಕೊಡ್ತೀನಿ, ಬಾಡಿಗೇಲೂ ಸ್ವಲ್ಪ ಬಿಡ್ತೀನಿ."

ಸುಣ್ಣದಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದು ಹೆಂಡತಿಗೆ, ಮಗಳಿಗೆ, ಅಳಿಯನಿಗೆ ಎಲ್ಲ ವಿವರಿಸಿದ. ಎರಡು ಕೋಣೆ, ದೊಡ್ಡ ಕಿಟಕಿ, ಅಳಿಯನ ಕೆಲಸಕ್ಕೆ ಎರಡು ಹೆಜ್ಜೆ.

ಮಗಳು ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದಳು: "ಅಪ್ಪ, ಆ ಬೀದೀಲಿ ಗಾಳಿ ಸರಿಯಿಲ್ಲ ಅಂತ ನಮ್ಮ ಪ್ರೆಸ್ಸಲ್ಲಿ ಒಬ್ಬರು ಅಂದ್ರು. ಮುಂಚೆ ಅಲ್ಲಿ ಅದೇನೋ ಬೋರ್ಡ್ ಇತ್ತಂತಲ್ಲ?"

ಸುಣ್ಣದಣ್ಣ ಒಂದು ಗಳಿಗೆಯೂ ತಡವರಿಸಲಿಲ್ಲ. "ಇತ್ತು. ತಪ್ಪು ತಪ್ಪು ತೋರಿಸ್ತಿತ್ತು ಅಂತ ತೆಗೆದುಬಿಟ್ರು."

"ಮಾವನೇ ಹೇಳಿದ ಮೇಲೆ ಇನ್ನೇನು?" ಅಂದ ಅಳಿಯ.

ಮಗಳಿಗೂ ಅಪ್ಪನ ಮಾತಿನ ಮೇಲೆ ಸಂಶಯ ಪಡುವ ಅಭ್ಯಾಸವಿರಲಿಲ್ಲ. ಸುಣ್ಣದಣ್ಣ ಆ ಮನೆಗೆ ತಾನೇ ಕೈಯಾರೆ ಎರಡು ಕೋಟು ತಿಳಿಹಸಿರು ಬಣ್ಣ ಹೊಡೆದ. ಗಂಡ ಹೆಂಡತಿ ಅಲ್ಲಿ ಸಂಸಾರ ಹೂಡಿದರು.

ಮೊದಲು ಕೆಲವು ತಿಂಗಳು ಮಳೆ. ಮಳೆಗೆ ಗಾಳಿ ತೊಳೆದುಹೋಗುತ್ತಿತ್ತು. ಮಗಳು ಆರಾಮಾಗಿದ್ದಳು. ಸುಣ್ಣದಣ್ಣ ಸಿಸ್ಟರು ಎದುರು ಸಿಕ್ಕಾಗೆಲ್ಲ ಎದೆಯುಬ್ಬಿಸಿ ನಡೆಯುತ್ತಿದ್ದ. ಆಮೇಲೆ ಚಳಿ ಬಂತು. ಚಳಿಗೆ ಹೊಗೆ ಮೇಲೇಳದೆ ಬೀದಿಯಲ್ಲೇ ಹೊದಿಕೆ ಹೊದ್ದ ಹಾಗೆ ಕೂತಿತು. ಮಗಳು ಆಗ ನಾಲ್ಕು ತಿಂಗಳ ಬಸುರಿ. ಮೊದಲು ವಾರಕ್ಕೊಮ್ಮೆ ಬೇಕಾಗುತ್ತಿದ್ದ ಪಂಪು ಈಗ ದಿನಾ ಬೇಕಾಯಿತು. ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಉಸಿರು ಕಟ್ಟುವುದು.

ತಪಾಸಣೆಗೆ ಹೋದ ದಿನ ಅವಳ ಕಣ್ಣಿಗೆ ಸ್ಲೇಟು ಬಿತ್ತು. ಸಿಸ್ಟರು ಕೂರಿಸಿಕೊಂಡು ಎಲ್ಲ ಹೇಳಿದರು. ಅಂಕಿ ಅಂದರೆ ಏನು, ಕೆಂಪು ಅಂದರೆ ಏನು, ಬಸುರಿಗೆ ಅದರಿಂದ ಏನಾಗಬಹುದು. ಬೋರ್ಡು ಯಾಕೆ ಮಾಯವಾಯಿತು ಅನ್ನೋದನ್ನು ಮಾತ್ರ ಹೇಳಲಿಲ್ಲ. ಅಪ್ಪ ಮಗಳ ನಡುವೆ ತಾನು ಯಾಕೆ ಕಡ್ಡಿ ಆಡಿಸಲಿ ಅಂತ ಸುಮ್ಮನಾದರು. ಆ ಸುಮ್ಮನಿದ್ದದ್ದಕ್ಕೆ ಸಿಸ್ಟರು ಇವತ್ತಿಗೂ ತಮ್ಮನ್ನೇ ಬೈದುಕೊಳ್ಳುತ್ತಾರೆ.

"ಮನೆ ಬದಲಾಯಿಸೋಕೆ ಆಗುತ್ತಾ ನೋಡಮ್ಮ. ಹೆರಿಗೆ ಆಗೋವರೆಗಾದ್ರೂ ಅಪ್ಪನ ಮನೇಲಿ ಇರು," ಅಂದರು.

ಆ ಸಂಜೆಯೇ ಮಗಳು ಗಂಡನನ್ನು ಕರೆದುಕೊಂಡು ಅಪ್ಪನ ಮನೆಗೆ ಹೋದಳು. ಹೇಳಿದ್ದನ್ನೆಲ್ಲ ಕೇಳಿ ಸುಣ್ಣದಣ್ಣ ರೇಗಿದ.

"ಚಳಿಗಾಲದಲ್ಲಿ ನಿನಗೆ ಉಬ್ಬಸ ಬರೋದು ಹೊಸದಾ? ಆ ಸಿಸ್ಟರಿಗೆ ಊರೋರನ್ನ ಹೆದರಿಸೋದೇ ಕೆಲಸ. ಸಾಹುಕಾರರು ನಂಬಿ ಮನೆ ಕೊಟ್ಟಿದ್ದಾರೆ, ವರ್ಷ ತುಂಬೋ ಮುಂಚೆ ಬಿಟ್ರೆ ಅವರಿಗೆ ಹೇಗೆ ಮುಖ ತೋರಿಸಲಿ?"

"ಸ್ವಲ್ಪ ದಿನ ಇಲ್ಲಿರ್ಲಿ ಬಿಡ್ರೀ," ಅಂದಳು ಹೆಂಡತಿ.

"ಬೀದೀಲಿ ಜನ ಏನಂತಾರೆ? ಮನೆ ಸರಿಯಿಲ್ಲ ಅಂತ ಪೇಂಟರ್ ಮಗಳೇ ಓಡಿ ಬಂದಳು ಅನ್ನಲ್ವಾ?"

ಕೊನೆಗೆ ಮಗು ಆಗಲಿ, ಆಮೇಲೆ ನೋಡೋಣ ಅಂತ ತೀರ್ಮಾನವಾಯಿತು. ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಅದೇ ಬೀದಿಗೆ ಮರಳಿದಳು.

ಏಳನೇ ತಿಂಗಳು. ಬೆಳಿಗ್ಗೆ ಹಾಲು ತರಲು ಹೋದವಳು ಗೇಟಿನ ಹತ್ತಿರವೇ ಕುಸಿದು ಕೂತಳು. ಎದುರು ಮನೆಯ ಗೋಡೆಯೂ ಕಾಣದಷ್ಟು ಹೊಗೆ. ಪಂಪು ಹೊಡೆದರೂ ಉಸಿರು ತಿರುಗಲಿಲ್ಲ. ತುಟಿ ನೀಲಿಯಾಗಿತ್ತು. ಅಳಿಯ ಲಾರಿಯೊಂದರ ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡೇ ಆಸ್ಪತ್ರೆಗೆ ಓಡಿಸಿದ.

ಮಗಳು ಉಳಿದಳು. ಅವತ್ತು ಮಧ್ಯಾಹ್ನವೇ ಅವಧಿಗೆ ಮುಂಚೆ ಹೆರಿಗೆಯಾಯಿತು. ಹೆಣ್ಣುಮಗು. ಬೊಗಸೆ ತುಂಬದಷ್ಟು ಮಗು. ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿ ಇತ್ತು. ಐದನೇ ದಿನ ಇರಲಿಲ್ಲ.

ಡಾಕ್ಟರಮ್ಮ ಸುಣ್ಣದಣ್ಣನನ್ನೂ ಅಳಿಯನನ್ನೂ ಕೋಣೆಗೆ ಕರೆದರು.

"ಇದೊಂದೇ ಕಾರಣ ಅಂತ ಬೆರಳು ಮಾಡಿ ತೋರಿಸೋಕಾಗಲ್ಲ," ಅಂದರು. "ಆದ್ರೆ ಉಬ್ಬಸ ಇರೋ ಬಸುರಿ ಇಂಥ ಹೊಗೇಲಿ ಇದ್ರೆ ಅಪಾಯ ಹೆಚ್ಚು. ನಿಮ್ಮ ಮನೆ ಎಲ್ಲಿ?"

ಅಳಿಯ ಬೀದಿಯ ಹೆಸರು ಹೇಳಿದ.

ಡಾಕ್ಟರಮ್ಮನ ಹುಬ್ಬು ಗಂಟಾಯಿತು. "ಆ ಬೀದಿಯಿಂದ ಈ ಚಳೀಲಿ ಬಂದವರಲ್ಲಿ ನೀವು ಆರನೆಯವರು. ಅಲ್ಲಿ ಆರೋಗ್ಯ ಕೇಂದ್ರದ ಗೋಡೆ ಮೇಲೆ ದಿನಾ ಬರೆದಿರ್ತಾರಲ್ಲ? ಮನೆ ಮಾಡೋ ಮುಂಚೆ ಯಾರೂ ನೋಡಲಿಲ್ವಾ?"

ಅಳಿಯ ಮಾವನ ಕಡೆ ತಿರುಗಿದ. ಸುಣ್ಣದಣ್ಣ ನೆಲ ನೋಡುತ್ತಾ ನಿಂತಿದ್ದ.

ಅಲ್ಲಿಂದ ಸುಣ್ಣದಣ್ಣ ಮಗಳ ಹಾಸಿಗೆಯ ಹತ್ತಿರ ಹೋಗಿ ನಿಂತ. ಹೆಂಡತಿ ಅವಳ ತಲೆ ಸವರುತ್ತಾ ಕೂತಿದ್ದಳು.

"ಮಗಾ, ಆ ಬೋರ್ಡು ಯಾರೂ ತೆಗೀಲಿಲ್ಲ. ಅದರ ಮೇಲೆ ಬಣ್ಣ ಹೊಡೆದೋನು ನಾನೇ. ಅದು ತಪ್ಪು ತೋರಿಸ್ತಿರಲಿಲ್ಲ. ನಿಂಗೆ ಸುಳ್ಳು ಹೇಳಿದೆ."

ಮಗಳು ಅಮ್ಮನ ಕೈ ಸರಿಸಿ ಅವನ ಕಡೆ ತಿರುಗಿದಳು. ಅಳಲಿಲ್ಲ, ಬೈಯಲಿಲ್ಲ. "ಅಪ್ಪ, ನೀವು ಹೊರಗಡೆ ಕೂತಿರಿ," ಅಂದಳು.

ಅಲ್ಲಿಯವರೆಗೆ ಅವಳು ಅಪ್ಪನನ್ನು "ನೀನು" ಅನ್ನುತ್ತಿದ್ದಳು.

ಮಾರನೇ ದಿನ ಮಟಮಟ ಮಧ್ಯಾಹ್ನ ಸುಣ್ಣದಣ್ಣ ಕೆರೆಯುವ ತಗಡು ಹಿಡಿದು ಆರೋಗ್ಯ ಕೇಂದ್ರಕ್ಕೆ ಬಂದ. ಸೂರ್ಯ, ಹಕ್ಕಿ, ಗುಡ್ಡ ಎಲ್ಲವನ್ನೂ ಕೆರೆದ. ಸಾಹುಕಾರರು ಓಡಿ ಬಂದರು.

"ಯಾರು ಹೇಳಿದ್ರು ನಿನಗೆ? ನಾಳೆ ಇನ್ನೊಬ್ಬ ಪೇಂಟರ್‌ನ ಕರೆಸ್ತೀನಿ, ನೋಡ್ತಿರು!"

"ಕರೆಸಿ ಸಾಹುಕಾರ್ರೇ. ಅವನಿಗೂ ಒಬ್ಬಳು ಮಗಳಿದ್ದಾಳಾ ಅಂತ ಕೇಳ್ತೀನಿ."

ಸಾಹುಕಾರರು ಇನ್ನೊಬ್ಬ ಪೇಂಟರನ್ನು ಕರೆಸಲಿಲ್ಲ. ಬೀದಿಯವರೆಲ್ಲ ನೋಡುತ್ತಾ ನಿಂತಿದ್ದರು. ಸುಣ್ಣದಣ್ಣ ಕಪ್ಪು ಬಳಿದ, ಸಿಸ್ಟರು ನಂಬರು ಬರೆದರು. ಅವತ್ತೂ ಕೆಂಪೇ. ಗೋಡೆಯ ಮೇಲಿನ ಬೋರ್ಡನ್ನು ಯಾರೂ ಮುಚ್ಚಬಾರದು ಅಂತ ಮೇಲಿನ ಕಚೇರಿಯಿಂದ ಕಾಗದವೂ ಬಂತು. ಅದು ಬಂದದ್ದು ಮಗು ಹೋಗಿ ಹದಿನಾರು ದಿನಕ್ಕೆ.

ಮಗಳು ಅಳಿಯ ಮೇಲಿನ ಬಡಾವಣೆಯಲ್ಲಿ ಒಂದೇ ಕೋಣೆಯ ಮನೆ ಹಿಡಿದರು. ಅಳಿಯ ಈಗ ಕೆಲಸಕ್ಕೆ ಸೈಕಲ್ ತುಳಿದುಕೊಂಡು ಬರುತ್ತಾನೆ. ಮನೆ ಹಿಡಿಯುವ ಮುಂಚೆ ಒಂದು ತಿಂಗಳು ಅಲ್ಲಿನ ಬೋರ್ಡನ್ನು ದಿನಾ ಹೋಗಿ ನೋಡಿ ಬಂದ. ಸುಣ್ಣದಣ್ಣನ ಹೆಂಡತಿ ಕೂಡ ಸಿಸ್ಟರ ಹತ್ತಿರ ಕೂತು ಮೊಬೈಲಿನಲ್ಲಿ ಗಾಳಿಯ ನಂಬರು ನೋಡೋದು ಕಲಿತಿದ್ದಾಳೆ. ಸುಣ್ಣದಣ್ಣ ಆ ಕೋಣೆಗೆ ಹೋದರೆ ಮಗಳು ಕುರ್ಚಿ ಹಾಕುತ್ತಾಳೆ, ನೀರು ಕೊಡುತ್ತಾಳೆ. ಮಾತಾಡುವುದು ಅಮ್ಮನ ಜೊತೆ.

ಮಗಳು ಬಿಟ್ಟ ಮನೆ ನೋಡಲು ಒಂದು ಸಂಸಾರ ಬಂತು. ಗಂಡ, ಹೆಂಡತಿ, ಕಂಕುಳಲ್ಲಿ ಮಗು. ಸುಣ್ಣದಣ್ಣ ಅವರನ್ನು ಬೋರ್ಡಿನ ಮುಂದೆ ನಿಲ್ಲಿಸಿ ಎಲ್ಲ ಹೇಳಿದ. ತನ್ನ ಮನೆಯಲ್ಲಿ ನಡೆದದ್ದನ್ನೂ ಮುಚ್ಚಿಡಲಿಲ್ಲ. ಆ ಗಂಡ ಎಲ್ಲ ಕೇಳಿ ಮೆಲ್ಲಗೆ ಅಂದ: "ಹಂಗಾದ್ರೆ ಬಾಡಿಗೆ ಇನ್ನೂ ಇಳಿಸ್ತಾರಾ ಅಣ್ಣ? ಮೇಲಿನ ಬಡಾವಣೇಲಿ ನಮ್ಮ ಕೈಗೆ ಎಟುಕಲ್ಲ."

ಸುಣ್ಣದಣ್ಣ ಸಿಸ್ಟರ ಹತ್ತಿರ ಹೋದ. "ಗೊತ್ತಾದ ಮೇಲೂ ಬರ್ತಾರಲ್ಲ ಸಿಸ್ಟರ್, ಮತ್ತೆ ಈ ಬೋರ್ಡ್ ಇಟ್ಕೊಂಡು ಏನು ಮಾಡೋದು?"

"ಅನುಕೂಲ ಇರೋರು ಓದಿ ಹೋಗ್ತಾರೆ. ಇಲ್ಲದೋರು ಓದಿಯೂ ಇರ್ತಾರೆ. ಅದಕ್ಕೇ ಅಣ್ಣ, ನಂಬರು ಇರೋದು ಓಡಿಹೋಗೋಕೆ ಮಾತ್ರ ಅಲ್ಲ. ಹೊಗೆ ಬಿಡೋರನ್ನ ನಿಲ್ಲಿಸಿ ಕೇಳೋಕೆ."

ಸಿಸ್ಟರು ನೂರು ದಿನದ ನಂಬರು ಒಂದು ಹಾಳೆಯಲ್ಲಿ ಬರೆದರು. ಸುಣ್ಣದಣ್ಣ ಮನೆ ಮನೆಗೆ ಹೋಗಿ ಸಹಿ ಹಾಕಿಸಿದ. ಕಚೇರಿಗೆ ಏಳು ಸಲ ಅಲೆದರು. ಬೆಳಗಿನ ಹೊತ್ತು ಭಟ್ಟಿ ಹಚ್ಚಬಾರದು, ಲಾರಿಗಳು ಸುಮ್ಮನೆ ಇಂಜಿನ್ ಓಡಿಸುತ್ತಾ ನಿಲ್ಲಬಾರದು ಅಂತ ಆದೇಶ ಹೊರಟಿತು. ಕೆಲವು ದಿನ ಪಾಲಿಸುತ್ತಾರೆ. ಕೆಲವು ದಿನ ಇಲ್ಲ. ಪಾಲಿಸದ ದಿನ ಬೋರ್ಡು ಹೇಳುತ್ತದೆ, ಸುಣ್ಣದಣ್ಣ ಹೋಗಿ ಭಟ್ಟಿಯ ಗೇಟು ಬಡಿಯುತ್ತಾನೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲಿ ಯಾರಾದರೂ ಮನೆ ಹುಡುಕುತ್ತಿದ್ದರೆ ಆ ಬೀದಿಯ ಗಾಳಿಯ ನಂಬರು ಎಷ್ಟಿದೆ ಅಂತ ಮೊದಲು ವಿಚಾರಿಸಿ. ಒಂದು ದಿನದ್ದು ನೋಡಿ ಒಪ್ಪಬೇಡಿ, ಚಳಿಗಾಲದಲ್ಲಿ ಹೇಗಿತ್ತು ಅಂತಲೂ ಕೇಳಿ. ಮೊಬೈಲಿನಲ್ಲಿ ಸಿಗುತ್ತದೆ, ಆರೋಗ್ಯ ಕೇಂದ್ರದವರನ್ನು ಕೇಳಿದರೂ ಹೇಳುತ್ತಾರೆ. ನಿಮ್ಮ ಕಡೆ ಗಾಳಿ ಅಳೆಯುವ ಪೆಟ್ಟಿಗೆಯೇ ಇಲ್ಲವಾದರೆ ಯಾಕಿಲ್ಲ ಅಂತ ಗುಂಪಾಗಿ ಹೋಗಿ ಕೇಳಿ. ಮನೆ ಬಿಡಲಾಗದಿದ್ದರೆ ಕೆಂಪು ದಿನ ಮಕ್ಕಳನ್ನು, ಬಸುರಿಯರನ್ನು, ಉಬ್ಬಸದವರನ್ನು ಹೊಗೆಯ ಹೊತ್ತಿನಲ್ಲಿ ಹೊರಗೆ ಕಳಿಸಬೇಡಿ. ಉಸಿರಾಟ ಕಷ್ಟವಾದರೆ ಕಾಯಬೇಡಿ, ಆಸ್ಪತ್ರೆಗೆ ನಡೆಯಿರಿ. ನೀವು ಮನೆ ಬಾಡಿಗೆಗೆ ಕೊಡುವವರಾದರೆ, ಮನೆ ತೋರಿಸುವವರಾದರೆ, ಗೊತ್ತಿರುವುದನ್ನು ಬಾಯಿ ಬಿಟ್ಟು ಹೇಳಿ.

ಕೇಳಿ ತಿಳಿದುಕೊಳ್ಳಲು ಐದು ನಿಮಿಷ ಸಾಕು. ಸುಣ್ಣದಣ್ಣನ ಮಗಳು ಕೇಳಿದ್ದಳು. ಸುಳ್ಳು ಹೇಳಿದವನು ಅವಳ ಅಪ್ಪ.